ಪ್ರಾಡಕ್ಟ್ ಮತ್ತು ಟೆಕ್ ನಡುವೆ ಇನ್ನೊಬ್ಬರನ್ನು ಕೂರಿಸಬೇಡಿ

ಪ್ರಾಡಕ್ಟ್ (ಏನು ಕಟ್ಟಬೇಕು ಅಂತ ಕ್ಲೈಂಟ್ ಹತ್ತಿರ ಕೇಳಿ ಹೇಳುವವರು) ಮತ್ತು ಟೆಕ್ (ಕೋಡ್ ಬರೆದು ಕಟ್ಟುವವರು), ಈ ಎರಡು ಟೀಮ್‌ಗಳನ್ನು ಹೊಂದಿಸುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ 2022ರ ಮಳೆಗಾಲ ನೆನಪಾಯಿತು. ನಿಮ್ಮ ಪ್ರಾಡಕ್ಟ್‌ನವರು ಮುಂಬೈಯಲ್ಲಿ, ಟೆಕ್‌ನವರು ಪುಣೆಯ ಹಿಂಜೆವಾಡಿಯಲ್ಲಿ, ಕ್ಲೈಂಟ್ ಪುಣೆ ಹತ್ತಿರದ ಚಾಕಣ್‌ನಲ್ಲಿ. ಟೆಕ್‌ನವರು ಎಲ್ಲದಕ್ಕೂ ಪ್ರಶ್ನೆ ಕೇಳಿ ತಡ ಮಾಡುತ್ತಾರೆ, ನಡುವೆ ಒಬ್ಬ ಡೆಲಿವರಿ ಮ್ಯಾನೇಜರ್ ಇಡೋಣವೇ, ಎಲ್ಲರನ್ನೂ ಒಂದೇ ದಾರಿಗೆ ತರಲು ವಾರಕ್ಕೊಂದು ಅಲೈನ್‌ಮೆಂಟ್ ಮೀಟಿಂಗ್ ಮಾಡೋಣವೇ, ಕೆಲಸಗಳ ಪಟ್ಟಿ ಇಡುವ ಜಿರಾ ಬಿಟ್ಟು ಬೇರೆ ಟೂಲ್‌ಗೆ ಹೋಗೋಣವೇ ಅಂತ ಕೇಳಿದ್ದೀರಿ. ಮ್ಯಾನೇಜರ್, ಮೀಟಿಂಗ್ ಎರಡನ್ನೂ ನಾನು ಮಾಡಿ ನೋಡಿದವನು.

ನಾನು ಧಾರವಾಡದವನು. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇನೆ, ಮನೆ ವಾಕಡ್‌ನಲ್ಲಿ. ಆಗ ಒಂದು ಡಿಜಿಟಲ್ ಕನ್ಸಲ್ಟಿಂಗ್ ಕಂಪನಿಯಲ್ಲಿ ಪ್ರಾಡಕ್ಟ್ ಓನರ್, ಅಂದರೆ ಏನು ಕಟ್ಟಬೇಕು ಅಂತ ತೀರ್ಮಾನಿಸುವವನು, ಆಗಿದ್ದೆ. ಕ್ಲೈಂಟ್ ಭಿವಂಡಿಯ ಒಂದು ಸಾಗಣೆ ಕಂಪನಿ. ಭಿವಂಡಿ ಗೊತ್ತಲ್ವಾ? ಮುಂಬೈ-ನಾಸಿಕ್ ಹೆದ್ದಾರಿಯ ಅಕ್ಕಪಕ್ಕ ಕಣ್ಣು ಹಾಯಿಸಿದ ಕಡೆಯೆಲ್ಲ ಗೋಡೌನ್. ಅವರ ಲಾರಿಗಳು ಅಲ್ಲಿಂದ ನಾಸಿಕ್, ಪುಣೆ, ಕೊಲ್ಹಾಪುರಕ್ಕೆ ಹೋಗುತ್ತವೆ. ಮಾಲು ಇಳಿಸಿದ ಮೇಲೆ ಡ್ರೈವರ್ ಬಿಲ್ಟಿಯ (ಲಾರಿ ಮಾಲಿನ ಸಾಗಣೆ ಚೀಟಿಯ) ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಂಡು ಬರಬೇಕು. ಆ ಕಾಗದ ಭಿವಂಡಿಗೆ ವಾಪಸ್ ಬರುವವರೆಗೆ ಸಾಗಣೆಯ ಬಿಲ್ ಕಳಿಸುವಂತಿಲ್ಲ. ಕೆಲವು ಸಲ ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. ಆ ಸಹಿಯನ್ನು ಡ್ರೈವರ್ ಮೊಬೈಲ್‌ನಲ್ಲೇ ತೆಗೆದುಕೊಳ್ಳುವಂತೆ ಮಾಡುವುದು ನಮ್ಮ ಕೆಲಸ.

ವಾರದಲ್ಲಿ ಎರಡು ದಿನ ನಾನು ಬೆಳಗ್ಗೆ ವಾಕಡ್‌ನಲ್ಲಿ ಶಿವನೇರಿ ಬಸ್ ಹತ್ತಿ ದಾದರ್‌ನಲ್ಲಿ ಇಳಿದು ಲೋವರ್ ಪರೇಲ್‌ನ ನಮ್ಮ ಆಫೀಸಿಗೆ ಹೋಗುತ್ತಿದ್ದೆ. ಕ್ಲೈಂಟ್ ಕಡೆಯವರು ಅಲ್ಲಿಗೇ ಬರುತ್ತಿದ್ದರು. ಕೋಡ್ ಬರೆಯುವ ಒಂಬತ್ತು ಜನ ಹಿಂಜೆವಾಡಿಯಲ್ಲಿ. ಅವರ ಮುಂದಾಳು, ಅಂದರೆ ಟೆಕ್ ಲೀಡ್, ಬೆಳಗಾವಿಯವರು. ಕಡಿಮೆ ಮಾತು, ತೂಕದ ಮಾತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಹಾದಿಯಲ್ಲಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

ಕ್ಲೈಂಟ್ ಹೇಳಿದ್ದರು, "ದಾರಿಯಲ್ಲಿ ನೆಟ್‌ವರ್ಕ್ ಇರಲ್ಲ, ಆ್ಯಪ್ ನಡೀಬೇಕು." ನಾನು ಜಿರಾದಲ್ಲಿ ಆ ಕೆಲಸದ ಕಾರ್ಡ್‌ನಲ್ಲಿ ಬರೆದದ್ದು ಮೂರು ಪದ: ಆಫ್‌ಲೈನ್ ಸಪೋರ್ಟ್ ಬೇಕು. ಆ ವಾರದ ಕಾಲ್‌ನಲ್ಲಿ ಟೆಕ್ ಲೀಡ್ ಕೇಳಿದರು, "ಆಫ್‌ಲೈನ್ ಅಂದ್ರ ಎಷ್ಟರ ಮಟ್ಟಿಗೆ ರೀ? ಬರೇ ನೋಡಾಕ, ಇಲ್ಲಾ ಬರಿಯಾಕೂ?" ನನಗೆ ಇನ್ನು ನಾಲ್ಕು ನಿಮಿಷದಲ್ಲಿ ಕ್ಲೈಂಟ್ ಜೊತೆ ಇನ್ನೊಂದು ಕಾಲ್ ಇತ್ತು. ನಾನು ಅಂದೆ, "ಅದು ನಿಮ್ಮ ಟೆಕ್ನಿಕಲ್ ವಿಷಯ, ನೀವೇ ನೋಡ್ಕೊಳ್ರಿ."

ಇದೇ ಆ ತಪ್ಪು. ಈ ಒಂದು ವಾಕ್ಯ.

ಅವರ ಪ್ರಶ್ನೆ ಟೆಕ್ನಿಕಲ್ ಆಗಿರಲೇ ಇಲ್ಲ. ನೆಟ್‌ವರ್ಕ್ ಇಲ್ಲದಾಗ ಬಿಲ್ಟಿಯ ಪಟ್ಟಿಯನ್ನು ನೋಡಲು ಸಿಕ್ಕರೆ ಸಾಕು ಅಂದರೆ ಕೆಲಸ ಸಣ್ಣದು. ಫೋನಿನಲ್ಲಿ ಒಂದು ನಕಲು ಇಟ್ಟುಕೊಂಡರೆ ಆಯಿತು. ಬರೆಯುವುದಕ್ಕೂ ಆಗಬೇಕು ಅಂದರೆ ಮನೆಯ ಪಾಯವೇ ಬೇರೆ. ಸಹಿ, ಫೋಟೋ ಎಲ್ಲವನ್ನೂ ಫೋನಿನಲ್ಲೇ ಗಟ್ಟಿಯಾಗಿ ಉಳಿಸಬೇಕು. ನೆಟ್‌ವರ್ಕ್ ಬಂದಾಗ ಸರದಿಯಂತೆ ಕಳಿಸಬೇಕು. ಒಂದೇ ಸಹಿ ಎರಡು ಸಲ ಹೋದರೆ ಸರ್ವರ್ ಅದನ್ನು ಒಂದೇ ಅಂತ ಗುರುತಿಸಬೇಕು. ಅಷ್ಟರಲ್ಲಿ ಆಫೀಸಿನವರೂ ಅದೇ ಬಿಲ್ಟಿಯನ್ನು ತಿದ್ದಿದ್ದರೆ ಯಾರ ಮಾತು ನಿಲ್ಲಬೇಕು? ಇದನ್ನು ಕೋಡ್ ಬರೆಯುವವರು ತಾವೇ ತೀರ್ಮಾನಿಸಲು ಆಗಲ್ಲ. ಅದು ಭಿವಂಡಿಯ ಸೂಪರ್‌ವೈಸರ್ ಹೇಳಬೇಕಾದ ಮಾತು. ಅವರನ್ನು ಕೇಳಿಕೊಂಡು ಬರಬೇಕಾದವನು ನಾನು.

ಟೆಕ್ ಲೀಡ್ ಮತ್ತೆ ಕೇಳಲಿಲ್ಲ. ನಾನು ಕೊಟ್ಟಿದ್ದ ತಾರೀಕಿಗೆ ಎಷ್ಟು ಆಗುತ್ತದೋ ಅಷ್ಟು ಮಾಡಿದರು. ನೆಟ್‌ವರ್ಕ್ ಇಲ್ಲದಿದ್ದರೂ ಪಟ್ಟಿ ಕಾಣುತ್ತಿತ್ತು. ಸಹಿ ಹೋಗದಿದ್ದರೆ, ಆ್ಯಪ್ ತೆರೆದಿರುವವರೆಗೆ ಮತ್ತೆ ಮತ್ತೆ ಕಳಿಸಲು ನೋಡುತ್ತಿತ್ತು. ಲೋವರ್ ಪರೇಲ್‌ನಲ್ಲಿ ಡೆಮೊ ಆಯಿತು. ನಾನೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪಟ್ಟಿ ತೆರೆದು ತೋರಿಸಿದೆ. ಎಲ್ಲರಿಗೂ ಖುಷಿ. ಕಾರ್ಡ್ ಮುಚ್ಚಿತು.

ಜುಲೈನಲ್ಲಿ ಹನ್ನೆರಡು ಲಾರಿಗಳಿಗೆ ಆ್ಯಪ್ ಕೊಟ್ಟೆವು. ಮೊದಲ ವಾರದಲ್ಲೇ ಸಹಿಗಳು ಮಾಯವಾಗತೊಡಗಿದವು. ಡ್ರೈವರ್ ಸಹಿ ಮಾಡಿಸಿ ಆ್ಯಪ್ ಮುಚ್ಚಿ ಫೋನ್ ಜೇಬಿಗೆ ಹಾಕುತ್ತಿದ್ದ. ಅಷ್ಟೇ, ಸಹಿ ಹೋಯಿತು. ಮತ್ತೆ ಆ ಗೋಡೌನ್‌ಗೆ ಹೋಗಿ ಕೈಮುಗಿದು ಕೇಳಬೇಕು.

ಎರಡನೆಯದು ಸಮಯದ ಗೊಂದಲ. ಲಾರಿಯಲ್ಲಿ ಮಾಲು ಸಾಗಿಸಲು ಜಿಎಸ್‌ಟಿಯ ಇ-ವೇ ಬಿಲ್ ಬೇಕು, ಅದಕ್ಕೆ ದೂರ ನೋಡಿ ಅವಧಿ ಇರುತ್ತದೆ. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ. ಸೋಮವಾರ ಮಾಡಿದ ಒಂದು ದಿನದ ಬಿಲ್ ಮಂಗಳವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ನಾಸಿಕ್‌ಗೆ ಹೋದ ಒಂದು ಲಾರಿ ಮಂಗಳವಾರ ಸಂಜೆ ಏಳಕ್ಕೆ ಮಾಲು ಇಳಿಸಿತ್ತು. ಡ್ರೈವರ್ ಫೋನಿಗೆ ನೆಟ್‌ವರ್ಕ್ ಸಿಕ್ಕಿ ಸಹಿ ಹೋದದ್ದು ಬುಧವಾರ ಬೆಳಗ್ಗೆ. ನಮ್ಮ ಸರ್ವರ್ ಸಹಿ ಬಂದ ಹೊತ್ತನ್ನೇ ಡೆಲಿವರಿ ಹೊತ್ತು ಅಂತ ಬರೆದುಕೊಂಡಿತು. ರಿಪೋರ್ಟ್‌ನಲ್ಲಿ ಅವಧಿ ಮುಗಿದ ಬಿಲ್ ಇಟ್ಟುಕೊಂಡು ಲಾರಿ ಓಡಿಸಿದಂತೆ ಕಂಡಿತು. ಕ್ಲೈಂಟ್‌ನ ಅಕೌಂಟೆಂಟ್ ಗಾಬರಿಯಾಗಿ ಫೋನ್ ಮಾಡಿದರು. ಆ ಹಿರಿಯರ ದನಿಯಲ್ಲಿದ್ದ ಆತಂಕ ನನಗೆ ಇವತ್ತಿಗೂ ಕೇಳಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ದುಬಾರಿಯಾಯಿತು. ಮಾಲಿನಲ್ಲಿ ಎರಡು ಬಾಕ್ಸ್ ಕಡಿಮೆ ಬಂದಿದೆ ಅಂತ ಮಾಲು ಪಡೆದ ಪಾರ್ಟಿ ಹೇಳಿದ್ದನ್ನು ಆಫೀಸಿನವರು ಬಿಲ್ಟಿಯಲ್ಲಿ ಬರೆದಿದ್ದರು. ಆಮೇಲೆ ಡ್ರೈವರ್ ಫೋನಿನಿಂದ ತಡವಾಗಿ ಬಂದ "ಪೂರ್ತಿ ಮುಟ್ಟಿದೆ" ಅದರ ಮೇಲೆ ಕೂತಿತು. ಕೊನೆಗೆ ಬಂದದ್ದೇ ನಿಂತಿತು. ಹೀಗೆ ಹಲವು ಬಿಲ್ಟಿ. ಪೂರ್ತಿ ಮಾಲಿನ ಬಿಲ್ ಹೋಯಿತು, ಪಾರ್ಟಿಗಳು ಹಣ ತಡೆಹಿಡಿದರು. ಕ್ಲೈಂಟ್ ಆ ಹನ್ನೆರಡು ಲಾರಿಗಳ ಪ್ರಯೋಗವನ್ನೇ ನಿಲ್ಲಿಸಿದರು.

ಆ ಮೇಲಿನ ಮೀಟಿಂಗ್‌ನಲ್ಲಿ ಎರಡೂ ಕಡೆಯವರು ಜಿರಾ ತೆರೆದು ತೋರಿಸಿದೆವು. ಆಫ್‌ಲೈನ್ ಬೇಕು ಅಂತ ಬರೆದಿತ್ತು ಅಂತ ನಾವು. ಆಫ್‌ಲೈನ್ ಕೊಟ್ಟಿದ್ದೇವೆ, ನೀವೇ ಒಪ್ಪಿ ಮುಚ್ಚಿದ್ದೀರಿ ಅಂತ ಅವರು. ಕಾಗದದ ಮೇಲೆ ಇಬ್ಬರದ್ದೂ ಸರಿ. ಕೆಲಸ ಫಿಕ್ಸೆಡ್ ಬಿಡ್, ಅಂದರೆ ಮೊದಲೇ ಒಪ್ಪಿದ ಒಂದೇ ಮೊತ್ತದ್ದು, ಆಗಿತ್ತು. ಒಳಗಿನ ಪಾಯವನ್ನು ಮತ್ತೆ ಹಾಕಲು ಒಂಬತ್ತು ವಾರ ಹಿಡಿಯಿತು, ಎಲ್ಲ ನಮ್ಮ ಕಂಪನಿಯ ಖರ್ಚಿನಲ್ಲಿ. ಅದು ಮುಗಿದ ಮೇಲೆ ಟೆಕ್ ಲೀಡ್ ರಾಜೀನಾಮೆ ಕೊಟ್ಟರು.

ಆ ಒಂಬತ್ತು ವಾರದ ಮೊದಲ ದಿನ ನಾನು ಅವರನ್ನು ಭಿವಂಡಿಗೆ ಕರೆದುಕೊಂಡು ಹೋದೆ. ಪ್ರಾಜೆಕ್ಟ್ ಶುರುವಾಗಿ ಐದು ತಿಂಗಳ ಮೇಲೆ ಅವರು ಮೊದಲ ಸಲ ಡ್ರೈವರ್‌ಗಳನ್ನು ನೋಡಿದ್ದು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಬ್ಬ ಡ್ರೈವರ್ ನಾವು ಕನ್ನಡ ಮಾತಾಡುವುದು ಕೇಳಿ ತಾನೇ ಹತ್ತಿರ ಬಂದ. "ಸಾಹೇಬ್ರ, ಘಾಟ್‌ನ್ಯಾಗ ನೆಟ್‌ವರ್ಕ್ ಹೋದ್ರ ನಮಗೇನು ತ್ರಾಸ ಇಲ್ರೀ. ಗಾಡಿ ಹೊಡಿಯೂವಾಗ ಫೋನ್ ಯಾರ್ ನೋಡ್ತಾರ್ರೀ? ಗೋಡೌನ್ ಒಳಗ, ತಗಡಿನ ಕೆಳಗ ಸಹಿ ಮಾಡಸ್ತೀವಲ್ರೀ, ಅಲ್ಲಿ ಬೇಕು." ನಾನು ಐದು ತಿಂಗಳು ಕಸಾರಾ ಘಾಟ್, ಖಂಡಾಲಾ ಘಾಟ್ ಅಂತ ಸ್ಲೈಡ್ ಮಾಡಿದ್ದೆ. ತಗಡಿನ ಛಾವಣಿಯ ಬಗ್ಗೆ ಒಂದು ಗೆರೆಯೂ ಇರಲಿಲ್ಲ.

ಟೆಕ್ ಲೀಡ್ ಅಲ್ಲೇ ಗೋಣಿಚೀಲದ ಮೇಲೆ ಕೂತು ಕೇಳತೊಡಗಿದರು. ಸಹಿ ಆದ ಮೇಲೆ ಫೋನ್ ಮತ್ತೆ ಯಾವಾಗ ತೆಗೀತೀರಿ? ಕ್ಲೀನರ್‌ನೂ ಇದೇ ಫೋನ್ ಬಳಸ್ತಾನೇನು? ಬಾಕ್ಸ್ ಕಡಿಮೆ ಬಂದ್ರ ಮೊದಲು ಯಾರಿಗೆ ಹೇಳ್ತೀರಿ? ಅರ್ಧ ಗಂಟೆಯಲ್ಲಿ ಅವರ ನೋಟ್‌ಬುಕ್‌ನ ಎರಡು ಪುಟ ತುಂಬಿದವು. ಕೊನೆಗೆ ನಾವು ಕಟ್ಟಿದ್ದು ಆ ಎರಡು ಪುಟಗಳನ್ನೇ. ಫೋನಿನ ಹೊತ್ತು ಬೇರೆ, ಸರ್ವರ್‌ನ ಹೊತ್ತು ಬೇರೆ, ಎರಡನ್ನೂ ಉಳಿಸಿದೆವು. ಬಾಕ್ಸ್ ಕಡಿಮೆ ಅಂತ ಯಾರೇ ಬರೆದರೂ ಅದನ್ನು ಯಾವುದೂ ಅಳಿಸದಂತೆ ಮಾಡಿದೆವು.

ಮೊದಲೇ ಯಾಕೆ ಕರೆದುಕೊಂಡು ಹೋಗಲಿಲ್ಲ ಅಂತ ಕೇಳುತ್ತೀರಿ. ಒಮ್ಮೆ ಕೇಳಿದ್ದೆ. ಅವರ ಮ್ಯಾನೇಜರ್ ಬೇಡ ಅಂದರು, ಯಾಕೆಂದರೆ ಟೈಮ್‌ಶೀಟ್‌ನಲ್ಲಿ ಆ ದಿನದ ಗಂಟೆಗಳನ್ನು ಯಾರ ಲೆಕ್ಕಕ್ಕೆ ಹಾಕಬೇಕು ಅನ್ನುವ ಕೋಡ್ ಇರಲಿಲ್ಲ. ನಮ್ಮ ಕಂಪನಿಯಲ್ಲಿ ಪ್ರಾಡಕ್ಟ್ ವಿಭಾಗದ ಲಾಭ-ನಷ್ಟ ಬೇರೆ, ಎಂಜಿನಿಯರಿಂಗ್ ವಿಭಾಗದ್ದು ಬೇರೆ. ನನ್ನನ್ನು ಅಳೆಯುತ್ತಿದ್ದದ್ದು ಕ್ಲೈಂಟ್‌ನ ಖುಷಿಯಿಂದ. ಅವರನ್ನು ಅಳೆಯುತ್ತಿದ್ದದ್ದು ಯುಟಿಲೈಸೇಷನ್‌ನಿಂದ, ಅಂದರೆ ತಿಂಗಳಲ್ಲಿ ಎಷ್ಟು ಗಂಟೆ ಬಿಲ್ ಆಯಿತು ಅನ್ನುವುದರಿಂದ. ಕನ್ಸಲ್ಟಿಂಗ್‌ನಲ್ಲಿ ಈ ಜಗಳ ಕಾಂಟ್ರ್ಯಾಕ್ಟ್ ಬರೆದ ದಿನವೇ ಹುಟ್ಟುತ್ತದೆ. ನೀವು ಜನರ ಸ್ವಭಾವವನ್ನು ದೂರುತ್ತಿದ್ದೀರಿ. ಮೊದಲು ನಿಮ್ಮ ಎಸ್‌ಒಡಬ್ಲ್ಯೂ, ಅಂದರೆ ಯಾರು ಏನು ಮಾಡಬೇಕು ಅಂತ ಕ್ಲೈಂಟ್ ಜೊತೆ ಬರೆದುಕೊಂಡ ಕಾಗದ, ತೆರೆದು ನೋಡಿ. ಕ್ಲೈಂಟ್‌ನ ಜಾಗಕ್ಕೆ ಹೋಗುವ ದಿನಗಳು ಯಾರ ಹೆಸರಿನಲ್ಲಿವೆ? ಬರೀ ಪ್ರಾಡಕ್ಟ್‌ನವರ ಹೆಸರಿನಲ್ಲಿದ್ದರೆ ನಿಮ್ಮ ಕಾಯಿಲೆ ಅಲ್ಲಿದೆ.

1968ರಲ್ಲಿ ಮೆಲ್ವಿನ್ ಕಾನ್ವೇ ಅನ್ನುವವರು ಡೇಟಾಮೇಷನ್ ಅನ್ನುವ ಕಂಪ್ಯೂಟರ್ ಪತ್ರಿಕೆಯಲ್ಲಿ ಒಂದು ಮಾತು ಬರೆದರು. ಒಂದು ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಆ ಸಂಸ್ಥೆ ಕಟ್ಟುವ ಸಿಸ್ಟಮ್ ಕೂಡ ಅದೇ ರೂಪ ಪಡೆಯುತ್ತದೆ ಅಂತ. ಭಿವಂಡಿಯ ಆ್ಯಪ್‌ನಲ್ಲಿ ಅದನ್ನು ಕಣ್ಣಾರೆ ಕಂಡೆ. ಪರದೆಗಳೆಲ್ಲ ಲೋವರ್ ಪರೇಲ್‌ನಲ್ಲಿ ಯೋಚಿಸಿದ್ದು, ಚೆನ್ನಾಗಿದ್ದವು. ಸರ್ವರ್ ಹಿಂಜೆವಾಡಿಯಲ್ಲಿ ಯೋಚಿಸಿದ್ದು, ಅದೂ ಗಟ್ಟಿಯಾಗಿತ್ತು. ಒಡೆದದ್ದು ಇವೆರಡೂ ಸೇರುವ ಜಾಗದಲ್ಲಿ ಮಾತ್ರ. ನಾವು ಮಾತಾಡದೆ ಬಿಟ್ಟ ಜಾಗವೂ ಅದೇ.

ಹಾಗಾಗಿ ನಡುವೆ ಡೆಲಿವರಿ ಮ್ಯಾನೇಜರ್ ಬೇಡವೇ ಬೇಡ. ನಮ್ಮಲ್ಲಿ ಒಬ್ಬರಿದ್ದರು, ಒಳ್ಳೆಯವರು, ತುಂಬಾ ಕಷ್ಟಪಡುತ್ತಿದ್ದರು. ಆದರೆ ಆ ಕಾಲ್ ಆದ ಮೇಲೆ ಟೆಕ್ ಲೀಡ್‌ರ ಪ್ರಶ್ನೆ ಈ ಮ್ಯಾನೇಜರ್‌ರ ಎಕ್ಸೆಲ್‌ನಲ್ಲಿ "ಆಫ್‌ಲೈನ್ - ಸ್ಪಷ್ಟನೆ ಬಾಕಿ" ಅನ್ನುವ ಒಂದು ಸಾಲಾಗಿ ನನ್ನ ಹತ್ತಿರ ಬಂತು. ನೋಡಾಕೋ ಬರಿಯಾಕೋ ಅನ್ನುವ ಮುಖ್ಯ ಮಾತೇ ದಾರಿಯಲ್ಲಿ ಉದುರಿ ಹೋಗಿತ್ತು. ಆ ಸಾಲನ್ನು ಓದಿದ್ದರೂ ನನಗೆ ಏನೂ ತಿಳಿಯುತ್ತಿರಲಿಲ್ಲ. ವಾರದ ಅಲೈನ್‌ಮೆಂಟ್ ಮೀಟಿಂಗೂ ಇತ್ತು. ಹನ್ನೊಂದು ಜನ, ಒಂದು ಗಂಟೆ, ಎಲ್ಲ ಸಾಲೂ ಹಸಿರು, ಅಂದರೆ ಎಲ್ಲವೂ ಸರಿ ಅಂತ. ಜಿರಾ ಬಿಟ್ಟು ಬೇರೆ ಟೂಲ್‌ಗೆ ಹೋಗುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಎರಡು ಟೀಮ್‌ಗಳನ್ನು ಹೊಂದಿಸುವುದು ಹೇಗೆ ಅಂತ ಕೇಳಿದ್ದೀರಲ್ಲ, ನನಗೆ ಒಪ್ಪಿಗೆಯಾಗದ್ದು ಆ "ಎರಡು" ಅನ್ನುವುದೇ. ಸಾಫ್ಟ್‌ವೇರ್ ಟೀಮ್‌ಗಳು ಕೆಲಸ ಮಾಡುವ ಸ್ಕ್ರಮ್ ಅನ್ನುವ ವಿಧಾನದ ಗೈಡ್ ಬರೆದವರೂ 2020ರ ಆವೃತ್ತಿಯಲ್ಲಿ ಇದನ್ನು ತಿದ್ದಿದರು. ಅದಕ್ಕೂ ಮೊದಲು ಸ್ಕ್ರಮ್ ಟೀಮ್ ಒಳಗೆ ಡೆವಲಪ್‌ಮೆಂಟ್ ಟೀಮ್ ಅಂತ ಇನ್ನೊಂದು ಟೀಮ್ ಇತ್ತು. ನಾವು-ಅವರು ಅನ್ನುವ ಭಾವನೆ ಬರುತ್ತದೆ ಅಂತ ಅದನ್ನು ತೆಗೆದು, ಪ್ರಾಡಕ್ಟ್ ಓನರ್ ಸೇರಿ ಎಲ್ಲರೂ ಒಂದೇ ಟೀಮ್ ಅಂದರು. ನಮ್ಮ ಕಂಪನಿಗಳು ಗೈಡ್ ಓದುತ್ತವೆ, ಟ್ರೇನಿಂಗ್ ಕೊಡುತ್ತವೆ, ಲಾಭ-ನಷ್ಟ ಮಾತ್ರ ಬೇರೆ ಬೇರೆ ಇಡುತ್ತವೆ. ಇದು ಬದಲಾಗಬೇಕು ಅಂತ ನಾನು ಈಗ ಪ್ರತಿ ಪ್ರಾಜೆಕ್ಟ್‌ನ ಶುರುವಿನಲ್ಲೂ ನಮ್ಮ ಕಂಪನಿಯ ಪಾರ್ಟ್‌ನರ್‌ಗಳ ಹತ್ತಿರ ಹಟ ಹಿಡಿಯುತ್ತೇನೆ. ಕ್ಲೈಂಟ್‌ನ ಜಾಗದಲ್ಲಿ ಎಂಜಿನಿಯರ್‌ಗಳ ದಿನಗಳನ್ನು ಎಸ್‌ಒಡಬ್ಲ್ಯೂನಲ್ಲೇ ಬರೆಸುತ್ತೇನೆ. ಕಟ್ಟುವವರು ಒಪ್ಪದ ತಾರೀಕನ್ನು ಕ್ಲೈಂಟ್‌ಗೆ ಹೇಳುವುದಿಲ್ಲ. ಒಂದು ಒಳ್ಳೆಯ ಡೀಲ್ ಇದರಿಂದ ಕೈತಪ್ಪಿದೆ, ಅದಕ್ಕೆ ಬೇಸರವಿಲ್ಲ.

ಟೆಕ್‌ನವರು ಪ್ರಶ್ನೆ ಕೇಳಿ ತಡ ಮಾಡುತ್ತಾರೆ ಅಂದಿರಿ. ದಯವಿಟ್ಟು ಹಾಗೆ ಅನ್ನಬೇಡಿ. ಅವರು ಕೇಳುವುದನ್ನು ನಿಲ್ಲಿಸಿದ ದಿನ ಎಲ್ಲ ಬೇಗ ಬೇಗ ಆಗುತ್ತದೆ, ನಮ್ಮ ಡೆಮೊ ಆದ ಹಾಗೆ.

ಗುರುವಾರ ಚಾಕಣ್‌ನಲ್ಲಿ ರಿವ್ಯೂ ಇದೆ ಅಂತ ಬರೆದಿದ್ದೀರಿ. ನೀವು ಮುಂಬೈಯಿಂದ ನೇರವಾಗಿ ಹೋಗಬೇಡಿ. ಹಿಂಜೆವಾಡಿಗೆ ಬಂದು ಟೆಕ್ ಲೀಡ್‌ರನ್ನು ಕಾರಿನಲ್ಲಿ ಕೂರಿಸಿಕೊಳ್ಳಿ. ಟೈಮ್‌ಶೀಟ್‌ಗೆ ಕೋಡ್ ಇಲ್ಲ ಅಂದರೆ ಆ ದಿನದ ಗಂಟೆಗಳನ್ನು ನಿಮ್ಮ ಬಜೆಟ್‌ನಿಂದ ಕೊಡಿ. ನಾಸಿಕ್ ಫಾಟಾ ದಾಟಿದ ಮೇಲೆ ಭೋಸರಿ, ಮೋಶಿಯ ಟ್ರಾಫಿಕ್‌ನಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ. ಉತ್ತರ ಸಿಗದೆ ಉಳಿದ ಪ್ರಶ್ನೆಗಳು ಏನೇನಿವೆ ಅಂತ ಕೇಳಿ, ಫೋನ್ ಬದಿಗಿಟ್ಟು ಎಲ್ಲವನ್ನೂ ಬರೆದುಕೊಳ್ಳಿ. ಚಾಕಣ್ ತಲುಪಿದ ಮೇಲೆ ಮೀಟಿಂಗ್ ರೂಮಿಗೆ ಹೋಗುವ ಮೊದಲು ಇಬ್ಬರೂ ಕೆಲಸ ನಡೆಯುವ ಜಾಗಕ್ಕೆ, ಶಾಪ್ ಫ್ಲೋರ್‌ಗೆ, ಹೋಗಿ, ಆ ಪ್ರಶ್ನೆಗಳನ್ನು ಅಲ್ಲಿ ಕೆಲಸ ಮಾಡುವವರಿಗೆ ಟೆಕ್ ಲೀಡ್‌ರ ಬಾಯಿಂದಲೇ ಕೇಳಿಸಿ.