ಚೆಂಡಿನ ಮುಂದೆ ನಿಲ್ಲುವ ಹುಡುಗ

ಪ್ರಶ್ನೆ: 14ರ ಒಳಗಿನವರ ಫುಟ್‌ಬಾಲ್‌ನಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಾಗಲೆಲ್ಲ ಎದುರಾಳಿ ಹುಡುಗನೊಬ್ಬ ಚೆಂಡಿಗೆ ಅಡ್ಡ ನಿಲ್ಲುತ್ತಾನೆ. ರೆಫರಿ ಏನು ಮಾಡಬೇಕು? – ಓದುಗರು, ಕಾರವಾರ

ಉತ್ತರ: ಹಳದಿ ಕಾರ್ಡ್ ತೋರಿಸಬಹುದು. ಆಟ ಮರಳಿ ಶುರುವಾಗದಂತೆ ತಡೆಯುವುದು 12ನೇ ನಿಯಮದಡಿ ತಪ್ಪು. ಸೀಟಿ ಊದಿದ ಮೇಲೆ ಚೆಂಡನ್ನು ದೂರ ಒದೆಯುವುದೂ, ಎತ್ತಿಕೊಂಡು ಹೋಗುವುದೂ ಅದೇ. ಎದುರಾಳಿಗಳು 9.15 ಮೀಟರ್ ದೂರ ಇರಬೇಕು, ಥ್ರೋ-ಇನ್‌ಗೆ 2 ಮೀಟರ್.

ಮಕ್ಕಳ ಪಂದ್ಯದಲ್ಲಿ ಮೊದಲ ಸಲವೇ ರೆಫರಿ ಹತ್ತಿರ ಓಡಿಹೋಗಿ, ‘ಹಿಂದೆ ಸರಿ, ಮತ್ತೆ ಮಾಡಿದರೆ ಕಾರ್ಡ್’ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ಒಳ್ಳೆಯದು. ಎರಡನೇ ಸಲ ಕಾರ್ಡ್ ತೋರಿಸಲೇಬೇಕು; ಬರೀ ಬೈದು ಬಿಟ್ಟರೆ ಇಡೀ ತಂಡ ಅದನ್ನೇ ಕಲಿಯುತ್ತದೆ. ಹಾಳಾದ ಸಮಯವನ್ನು ಅರ್ಧದ ಕೊನೆಗೆ ಸೇರಿಸಬೇಕು.

ಒಂದು ಎಚ್ಚರಿಕೆ: ನಿಮ್ಮ ಹುಡುಗ ಅವಸರದಲ್ಲಿ ತಾನೇ ಒದ್ದು, ಹತ್ತಿರವಿದ್ದವನು ತಡೆದರೆ ಆಟ ಮುಂದುವರಿಯುತ್ತದೆ. ದೂರ ಬೇಕಿದ್ದರೆ ಒದೆಯುವ ಮುಂಚೆಯೇ ರೆಫರಿಯನ್ನು ಕೇಳಲಿ.