ಸ್ಯಾಕ್ರಮೆಂಟೊ ಕಿಂಗ್ಸ್ ಇಷ್ಟು ಊರು ಸುತ್ತಿದ್ದು ಯಾಕೆ? ಮತ್ತೆ ಹೊರಡುತ್ತದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅತಿ ಹಳೆಯ ತಂಡಗಳಲ್ಲೊಂದು ಮೂರು ಸಲ ಗಂಟುಮೂಟೆ ಕಟ್ಟಿದ್ದು ಯಾಕೆ, ಇನ್ನೊಮ್ಮೆ ಕಟ್ಟುವ ಸಂಭವ ಇದೆಯಾ ಅಂತ. ಆಟ ಚೆನ್ನಾಗಿಲ್ಲದ್ದರಿಂದ ಊರು ಬಿಟ್ಟರು ಎಂದು ಬಹಳ ಜನ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಈ ತಂಡದ ಚರಿತ್ರೆಯನ್ನು ಆಟಗಾರರ ಪಟ್ಟಿಗಿಂತ ಅರೀನಾಗಳ (ಒಳಾಂಗಣ ಕ್ರೀಡಾಂಗಣಗಳ) ಪಟ್ಟಿ ಹಿಡಿದು ಓದಿದರೆ ಬೇಗ ಅರ್ಥವಾಗುತ್ತದೆ. ಅರೀನಾ ಯಾರದು, ಕಟ್ಟಿದ ದುಡ್ಡು ಯಾರದು, ಅದೇ ಊರಲ್ಲಿ ಟಿಕೆಟ್ ಮಾರುವ ಬೇರೆ ತಂಡ ಎಷ್ಟಿವೆ, ಈ ಮೂರನ್ನು ನೋಡಿ.

ಶುರುವಾದದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, ಹೆಸರು ರಾಯಲ್ಸ್. ಮಾಲೀಕ ಮತ್ತು ಕೋಚ್ ಎರಡೂ ಲೆಸ್ ಹ್ಯಾರಿಸನ್. 1948ರಲ್ಲಿ ಮುಂದೆ ಎನ್‌ಬಿಎ ಆಗುವ ಲೀಗ್ ಸೇರಿ, 1951ರ ಫೈನಲ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಮೊದಲ ಮೂರು ಪಂದ್ಯ ಗೆದ್ದು, ಮುಂದಿನ ಮೂರು ಸೋತು, ಏಳನೆಯದನ್ನು ಗೆದ್ದುಕೊಂಡರು. ಆಮೇಲೆ ಇವತ್ತಿನ ತನಕ ಈ ತಂಡ ಫೈನಲ್ ಮುಖ ನೋಡಿಲ್ಲ. ಅದೇ 1951ರ ಜನವರಿಯಲ್ಲಿ ಇಂಡಿಯಾನಪೊಲಿಸ್ ವಿರುದ್ಧ ಆರು ಓವರ್‌ಟೈಮ್ ಆಡಿ 75-73ಕ್ಕೆ ಸೋತದ್ದು ಎನ್‌ಬಿಎಯ ಅತಿ ಉದ್ದದ ಪಂದ್ಯವಾಗಿ ಉಳಿದಿದೆ. ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಆಗಿನ್ನೂ ಬಂದಿರಲಿಲ್ಲ, ಚೆಂಡು ಹಿಡಿದು ನಿಂತರೆ ಕೇಳುವವರಿಲ್ಲ.

ಚಾಂಪಿಯನ್ ಆದರೂ ರಾಚೆಸ್ಟರ್ ಸಣ್ಣ ಊರು. 1957ರಲ್ಲಿ ತಂಡ ಸಿನ್ಸಿನಾಟಿಗೆ ಹೋಯಿತು. ಫೋರ್ಟ್ ವೇನ್‌ನ ಪಿಸ್ಟನ್ಸ್ ಡೆಟ್ರಾಯಿಟ್‌ಗೆ ಹೋದದ್ದೂ ಅದೇ ವರ್ಷ. ಅಂದರೆ ಇಡೀ ಲೀಗೇ ಚಿಕ್ಕ ಊರುಗಳಿಂದ ಕಾಲು ಕೀಳುತ್ತಿತ್ತು. ಸಿನ್ಸಿನಾಟಿಯಲ್ಲಿ ಒಂದು ಅನುಕೂಲ ಸಿಕ್ಕಿತು. ಆಗ ತನ್ನ ಸುತ್ತಮುತ್ತಲಿನ ಕಾಲೇಜು ಆಟಗಾರನನ್ನು ಮೊದಲೇ ಕಾಯ್ದಿರಿಸಿಕೊಳ್ಳಲು ಬಿಡುವ ನಿಯಮ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಇತ್ತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಆಸ್ಕರ್ ರಾಬರ್ಟ್‌ಸನ್ 1960ರಲ್ಲಿ ಹಾಗೆ ಬಂದರು. 1961-62ರಲ್ಲಿ ಅವರ ಸರಾಸರಿ 30.8 ಅಂಕ, 12.5 ರಿಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿದದ್ದು), 11.4 ಅಸಿಸ್ಟ್ (ಅಂಕ ಬರುವಂತೆ ಪಾಸ್ ಕೊಟ್ಟದ್ದು). ಆದರೂ ಮುಂದಿನ ವರ್ಷಗಳಲ್ಲಿ ಪೂರ್ವ ವಿಭಾಗದಲ್ಲಿ ಬಾಸ್ಟನ್ ಸೆಲ್ಟಿಕ್ಸ್ ದಾಟಲಾಗಲಿಲ್ಲ. 1970ರಲ್ಲಿ ಅವರನ್ನು ಮಿಲ್ವಾಕಿಗೆ ಕೊಟ್ಟುಬಿಟ್ಟರು, ಮರುವರ್ಷವೇ ಮಿಲ್ವಾಕಿ ಚಾಂಪಿಯನ್. ಸಿನ್ಸಿನಾಟಿಯಲ್ಲಿ ಬೇಸ್‌ಬಾಲ್‌ನ ರೆಡ್ಸ್ ಮೊದಲೇ ಇತ್ತು, 1968ರಲ್ಲಿ ಫುಟ್‌ಬಾಲ್‌ನ ಬೆಂಗಾಲ್ಸ್ ಬಂತು. ಬ್ಯಾಸ್ಕೆಟ್‌ಬಾಲ್‌ಗೆ ಉಳಿದದ್ದು ಮೂರನೇ ಸಾಲು.

1972ರಲ್ಲಿ ಕ್ಯಾನ್ಸಸ್ ಸಿಟಿ. ಅಲ್ಲಿನ ಬೇಸ್‌ಬಾಲ್ ತಂಡದ ಹೆಸರು ಆಗಲೇ ರಾಯಲ್ಸ್ ಆಗಿದ್ದರಿಂದ ಇವರು ಕಿಂಗ್ಸ್ ಆದರು. ಮೊದಲ ಮೂರು ವರ್ಷ ತವರಿನ ಪಂದ್ಯಗಳನ್ನು ಒಮಾಹಾ ಜೊತೆ ಹಂಚಿಕೊಂಡರು. ತಂಡದ ಆಟಗಾರ ಟೈನಿ ಆರ್ಚಿಬಾಲ್ಡ್ 1972-73ರಲ್ಲಿ ಅಂಕ (34.0) ಮತ್ತು ಅಸಿಸ್ಟ್ (11.4) ಎರಡರಲ್ಲೂ ಲೀಗಿಗೇ ಮೊದಲಿಗರಾದರು. 1979ರ ಜೂನ್‌ನಲ್ಲಿ ಮಳೆಗಾಳಿಗೆ ಕೆಂಪರ್ ಅರೀನಾದ ಛಾವಣಿ ಕುಸಿಯಿತು. ಒಳಗೆ ಜನ ಇಲ್ಲದ್ದರಿಂದ ಪ್ರಾಣಹಾನಿ ಆಗಲಿಲ್ಲ, ಆದರೆ ತಂಡ ಹಳೆಯ ಮುನ್ಸಿಪಲ್ ಆಡಿಟೋರಿಯಂಗೆ ವಾಪಸ್ ಹೋಗಬೇಕಾಯಿತು. ಇಲ್ಲೂ ಬೇಸ್‌ಬಾಲ್, ಫುಟ್‌ಬಾಲ್ ತಂಡಗಳ ಪೈಪೋಟಿ. 1983ರಲ್ಲಿ ಸ್ಯಾಕ್ರಮೆಂಟೊದ ಗುಂಪೊಂದು ತಂಡವನ್ನು ಸುಮಾರು 1 ಕೋಟಿ 5 ಲಕ್ಷ ಡಾಲರ್‌ಗೆ ಕೊಂಡಿತು.

ಆ ಗುಂಪಿನ ಮುಂದಾಳು ಗ್ರೆಗ್ ಲೂಕನ್‌ಬಿಲ್ ಕಟ್ಟಡ ಉದ್ಯಮಿ. ಊರಾಚೆ ನಟೋಮಾಸ್‌ನಲ್ಲಿ ಅವರ ಕಡೆಯ ಕೃಷಿ ಭೂಮಿ ಇತ್ತು, ಅಲ್ಲಿ ಕಟ್ಟಡಕ್ಕೆ ಅನುಮತಿ ಬೇಕಿತ್ತು. ತಂಡ ಬಂದರೆ ಅರೀನಾ, ಅರೀನಾ ಬಂದರೆ ಬಡಾವಣೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1985ರಲ್ಲಿ 10,333 ಆಸನಗಳ ತಾತ್ಕಾಲಿಕ ಅರೀನಾದಲ್ಲಿ ಆಟ ಶುರು, 1988ರಲ್ಲಿ ಇನ್ನೂ ದೊಡ್ಡದಾದ ಆರ್ಕೊ ಅರೀನಾ. ಊರಲ್ಲಿ ದೊಡ್ಡ ಲೀಗಿನ ತಂಡ ಬೇರೊಂದು ಇರಲಿಲ್ಲ, ಅದೇ ಇಲ್ಲಿನ ದೊಡ್ಡ ಬಲ. 1990-91ರಲ್ಲಿ ಹೊರ ಊರಿನ 41 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದ ತಂಡಕ್ಕೂ ತವರಿನಲ್ಲಿ ಜನ ತುಂಬುತ್ತಿದ್ದರು.

ತೊಂದರೆ ಏನೆಂದರೆ ಆರ್ಕೊವನ್ನು ಕಡಿಮೆ ಖರ್ಚಿನಲ್ಲಿ ಕಟ್ಟಿದ್ದರು. ಕಂಪನಿಗಳಿಗೆ ಮಾರುವ ಐಷಾರಾಮಿ ಬಾಕ್ಸುಗಳು ಕಮ್ಮಿ, ಓಡಾಡುವ ಜಾಗ ಇಕ್ಕಟ್ಟು. ಟಿವಿಯ ರಾಷ್ಟ್ರಮಟ್ಟದ ಹಣ ಎಲ್ಲ ತಂಡಗಳಿಗೂ ಸಮಪಾಲು. ಆದರೆ ಸ್ಥಳೀಯ ಟಿವಿ, ಬಾಕ್ಸು, ಜಾಹೀರಾತು ಊರಿಗೆ ತಕ್ಕ ಹಾಗೆ. ಲಾಸ್ ಏಂಜಲೀಸ್ ಮುಂದೆ ಸ್ಯಾಕ್ರಮೆಂಟೊ ಹಿಂದೆ ಬೀಳುವುದು ಇಲ್ಲೇ. 1997ರಲ್ಲಿ ನಗರಸಭೆ ತಂಡಕ್ಕೆ 7 ಕೋಟಿ ಡಾಲರ್ ಮೀರಿದ ಸಾಲ ಕೊಟ್ಟು ಹಿಡಿದಿಟ್ಟುಕೊಂಡಿತು. 2006ರಲ್ಲಿ ಹೊಸ ಅರೀನಾಗಾಗಿ ಮಾರಾಟ ತೆರಿಗೆ ಏರಿಸುವ ಪ್ರಸ್ತಾವವನ್ನು ಮತದಾರರು ಭಾರೀ ಅಂತರದಲ್ಲಿ ತಿರಸ್ಕರಿಸಿದರು. ಆಗಿನ ಮಾಲೀಕರಾದ ಮಲೂಫ್ ಕುಟುಂಬದವರ ಕಣ್ಣು ಆಮೇಲೆ ಹೊರಗೆ ಹೋಯಿತು: 2011ರಲ್ಲಿ ಅನಾಹೈಮ್, 2013ರ ಜನವರಿಯಲ್ಲಿ ಸಿಯಾಟಲ್‌ನವರಿಗೆ ಮಾರುವ ಒಪ್ಪಂದ.

ಮಧ್ಯೆ ಒಂದು ಒಳ್ಳೆಯ ಕಾಲ ಬಂದು ಹೋಯಿತು. ಕೋಚ್ ರಿಕ್ ಆಡೆಲ್‌ಮನ್; ಆಟಗಾರರು ಕ್ರಿಸ್ ವೆಬರ್, ವ್ಲಾಡೆ ದಿವಾಚ್, ಪೇಜಾ ಸ್ಟೊಯಾಕೊವಿಚ್, ಮೈಕ್ ಬಿಬ್ಬಿ. 2001-02ರಲ್ಲಿ 61 ಗೆಲುವು. ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಲೇಕರ್ಸ್ ವಿರುದ್ಧ ಸೋಲು. ಆರನೇ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಲೇಕರ್ಸ್‌ಗೆ 27 ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ರೆಫರಿ ಕೊಡುವ ಅಡೆತಡೆಯಿಲ್ಲದ ಎಸೆತ) ಸಿಕ್ಕಿದ್ದನ್ನು ಅಭಿಮಾನಿಗಳು ಇವತ್ತಿಗೂ ಎತ್ತುತ್ತಾರೆ. ರೆಫರಿಗಳ ಮೇಲಿನ ಸಿಟ್ಟು ಸರಿಯೇ. ಆದರೆ ಏಳನೇ ಪಂದ್ಯ ತವರಿನಲ್ಲೇ ಇತ್ತು. ಅದರಲ್ಲಿ ಕಿಂಗ್ಸ್ 30 ಫ್ರೀ ಥ್ರೋಗಳಲ್ಲಿ 14 ತಪ್ಪಿಸಿತು, ಮೂರು ಅಂಕದ 20 ಎಸೆತಗಳಲ್ಲಿ ಬಿದ್ದದ್ದು ಎರಡು. ಓವರ್‌ಟೈಮ್‌ನಲ್ಲಿ 112-106ಕ್ಕೆ ಸೋಲು. ಆ ದಿನದ ಲೆಕ್ಕ ರೆಫರಿಗಳ ಖಾತೆಗೆ ಹೋಗುವುದಿಲ್ಲ.

ಸಿಯಾಟಲ್ ಒಪ್ಪಂದ ಮುರಿದದ್ದು ಹೇಗೆ ಎಂಬುದು ನಿಮ್ಮ ಎರಡನೇ ಪ್ರಶ್ನೆಗೆ ಮುಖ್ಯ. ತಂಡ ಊರು ಬಿಡಬೇಕಾದರೆ ಮಾಲೀಕನ ಇಷ್ಟ ಸಾಲದು, ಉಳಿದ ತಂಡಗಳ ಮಾಲೀಕರ ಬಹುಮತ ಬೇಕು. ಆಗಿನ ಮೇಯರ್, ಹಿಂದಿನ ಎನ್‌ಬಿಎ ಆಟಗಾರ ಕೆವಿನ್ ಜಾನ್ಸನ್, ಎರಡು ವಸ್ತು ಹಿಡಿದು ಅವರ ಮುಂದೆ ನಿಂತರು: ಊರಲ್ಲೇ ಉಳಿಸಿಕೊಳ್ಳುವ ಖರೀದಿದಾರರು, ಮತ್ತು ಅರೀನಾಗೆ ನಗರಸಭೆಯ ಹಣದ ಬದ್ಧತೆ. 2013ರ ಮೇ 15ರಂದು 22-8 ಮತಗಳಿಂದ ಸ್ಥಳಾಂತರ ಬಿದ್ದುಹೋಯಿತು. ಮುಂಬೈನಲ್ಲಿ ಹುಟ್ಟಿದ ಸಾಫ್ಟ್‌ವೇರ್ ಉದ್ಯಮಿ ವಿವೇಕ್ ರಣದಿವೆ ನೇತೃತ್ವದ ಗುಂಪಿಗೆ ತಂಡ ಸಿಕ್ಕಿತು. 2019ರ ಅಕ್ಟೋಬರ್‌ನಲ್ಲಿ ಭಾರತದ ಮೊದಲ ಎನ್‌ಬಿಎ ಪಂದ್ಯಗಳಿಗೆ ಕಿಂಗ್ಸ್ ಮುಂಬೈಗೆ ಬಂದದ್ದರ ಹಿಂದೆ ಈ ನಂಟು ಇದೆ.

ಮಾಲೀಕ ಬದಲಾದ ಮಾತ್ರಕ್ಕೆ ಆಟ ಸುಧಾರಿಸಲಿಲ್ಲ. ದೊಡ್ಡ ತಾರೆಯರು ತಾವಾಗಿ ಬರದ ಊರಿಗೆ ಡ್ರಾಫ್ಟ್ ಒಂದೇ ದಾರಿ, ಅಲ್ಲೇ ಹಳೆಯ ಮಾಲೀಕರೂ ಹೊಸಬರೂ ಎಡವಿ, ಮುಂದೆ ದೊಡ್ಡ ತಾರೆಗಳಾದವರನ್ನು ಬೇರೆಯವರಿಗೆ ಬಿಟ್ಟರು. 2009ರಲ್ಲಿ ನಾಲ್ಕನೆಯದಾಗಿ ಟೈರೀಕ್ ಇವಾನ್ಸ್, ಏಳನೆಯದಾಗಿ ಸ್ಟೆಫ್ ಕರಿ ಬೇರೆಯವರ ಪಾಲು. 2012ರಲ್ಲಿ ಐದನೆಯ ಆಯ್ಕೆ ಥಾಮಸ್ ರಾಬಿನ್ಸನ್, ಆರನೆಯವರು ಡೇಮಿಯನ್ ಲಿಲ್ಲಾರ್ಡ್. 2018ರಲ್ಲಿ ಎರಡನೆಯ ಆಯ್ಕೆ ಮಾರ್ವಿನ್ ಬ್ಯಾಗ್ಲಿ, ಮೂರನೆಯವರು ಲೂಕಾ ಡಾನ್ಚಿಚ್. 2015ರಲ್ಲಿ ಸಂಬಳದ ಹೊರೆ ಇಳಿಸಲು ಫಿಲಡೆಲ್ಫಿಯಾಗೆ ಮುಂದಿನ ಡ್ರಾಫ್ಟ್ ಹಕ್ಕುಗಳನ್ನೇ ಬಿಟ್ಟುಕೊಟ್ಟರು, ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕೂ ಅದರಲ್ಲಿತ್ತು, ಹಾಗಾಗಿ 2017ರ ಮೂರನೇ ಆಯ್ಕೆ ಐದನೆಯದಾಯಿತು. (ಆ ಐದರಲ್ಲಿ ಡಿಆರನ್ ಫಾಕ್ಸ್ ಸಿಕ್ಕಿದ್ದು ಅದೃಷ್ಟ.) 2006ರ ನಂತರ 16 ಸೀಸನ್ ಪ್ಲೇಆಫ್ (ಸೀಸನ್ ಕೊನೆಗೆ ಮುಂದಿರುವ ತಂಡಗಳು ಪ್ರಶಸ್ತಿಗೆ ಆಡುವ ಸುತ್ತು) ಇಲ್ಲ, ಅದು ಎನ್‌ಬಿಎ ದಾಖಲೆ. ಮೈಕ್ ಬ್ರೌನ್ ಕೋಚ್ ಆಗಿ ಬಂದ 2022-23ರಲ್ಲಿ 48 ಗೆದ್ದು ಅದನ್ನು ಮುರಿದರು. 2024ರ ಡಿಸೆಂಬರ್‌ನಲ್ಲಿ ಬ್ರೌನ್ ವಜಾ, 2025ರ ಫೆಬ್ರವರಿಯಲ್ಲಿ ಫಾಕ್ಸ್ ಸ್ಯಾನ್ ಆಂಟೋನಿಯೊಗೆ.

ಇಷ್ಟು ಸೋತರೂ ಊರು ಬಿಡುವ ಮಾತು ಏಳಲಿಲ್ಲ, ಯಾಕೆಂದರೆ 2016ರಲ್ಲಿ ಊರ ನಡುವೆ ಗೋಲ್ಡನ್ 1 ಸೆಂಟರ್ ತೆರೆಯಿತು. ನಗರಸಭೆಯ ಪಾಲು ಸುಮಾರು 25.5 ಕೋಟಿ ಡಾಲರ್. ಹೊಸ ತೆರಿಗೆ ಹಾಕದೆ, ಬಹುಪಾಲನ್ನು ವಾಹನ ನಿಲುಗಡೆಯ ಆದಾಯದ ಆಧಾರದಲ್ಲಿ ಸಾಲ ಎತ್ತಿ ಹೊಂದಿಸಿದರು. ಕಟ್ಟಡ ನಗರಸಭೆಯದು, ನಡೆಸುವುದು ತಂಡ, ಅಂದಾಜು ಮೀರಿದ ಖರ್ಚು ತಂಡದ ತಲೆಗೆ. ಗುತ್ತಿಗೆ 35 ವರ್ಷ, ಜೊತೆಗೆ ಊರು ಬಿಡುವುದಿಲ್ಲ ಎಂಬ ಕರಾರು. ಹಾಗಾಗಿ ಸಿಯಾಟಲ್‌ಗೆ ತಂಡ ಬೇಕೆಂಬ ಸುದ್ದಿಯ ಜೊತೆ ಕಿಂಗ್ಸ್ ಹೆಸರು ಮತ್ತೆ ಕಂಡರೆ ಗಾಬರಿ ಬೇಡ. 2040ರ ದಶಕದ ಕೊನೆಗೆ ಗುತ್ತಿಗೆಯ ಅವಧಿ ಹತ್ತಿರವಾದಾಗ, ಈ ಅರೀನಾ ಹಳೆಯದಾಯಿತು ಎಂದು ಆಗಿನ ಮಾಲೀಕರು ಗೊಣಗಲು ಶುರುಮಾಡಿದರೆ ಆಗ ಕೇಳಿಸಿಕೊಳ್ಳಿ.