ಕುಮ್ಕಿ ನೋಡದೆ ಗಡಿಕಲ್ಲು ಹಾಕಬೇಡಿ

‘ರಸ್ತೆ ಬೇಕು ಅಂತೀರಿ, ಜಾಗ ಕೇಳಿದರೆ ಅಡ್ಡ ನಿಲ್ತೀರಿ. ನಿಮ್ಮ ದಕ್ಷಿಣ ಕನ್ನಡದವರ ಸಮಸ್ಯೆ ಏನು?’ ಅಂತ ಕೇಳಿದೆಯಲ್ಲ ಮಾರಾಯ, ಹೇಳ್ತೇನೆ ಕೇಳು.

ಮಂಗಳೂರಿಗೆ ಬೈಪಾಸ್ ಬೇಕೇ ಬೇಕು. ಪೇಟೆಯ ನಂತೂರು ಸರ್ಕಲ್‌ನಲ್ಲಿ ಒಂದು ಸಂಜೆ ಸಿಕ್ಕಿಹಾಕಿಕೊಂಡವರು ಯಾರೂ ಬೇಡ ಅನ್ನುವುದಿಲ್ಲ. ತಲಪಾಡಿ ದಾಟಿ ಉಡುಪಿಗೆ ಹೋಗುವ ಲಾರಿ, ಘಟ್ಟ ಇಳಿದು ಪಣಂಬೂರು ಬಂದರಿಗೆ ಹೋಗುವ ಟ್ಯಾಂಕರ್ ಎಲ್ಲವೂ ಪೇಟೆಯೊಳಗೇ ನುಗ್ಗಬೇಕು. ಮೂಲ್ಕಿ, ಕಟೀಲು, ಕೈಕಂಬ, ಪೊಳಲಿ, ಬಿ.ಸಿ.ರೋಡ್, ತೊಕ್ಕೊಟ್ಟು ಅಂತ ಹೊರಗಿಂದ ಸುತ್ತುವ ರಸ್ತೆಯ ಮಾತು ವರ್ಷಗಳಿಂದ ಇದೆ. ಆಗಲಿ.

ನಮ್ಮ ತಕರಾರು ಕುಮ್ಕಿಯದ್ದು. ಘಟ್ಟದ ಮೇಲಿನವರಾದ ನಿಮಗೆ ಇದು ಗೊತ್ತಿರಲಿಕ್ಕಿಲ್ಲ. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು. ಆ ಕಾಲದಿಂದ ಬಂದ ಪದ್ಧತಿ ಇದು. ಹಳೇ ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ಜಾಗದ, ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ತರಗೆಲೆ ತೆಗೆಯುವ ಸವಲತ್ತು ವರ್ಗದಾರನಿಗೆ ಇದೆ. 1964ರ ಭೂಕಂದಾಯ ಕಾಯ್ದೆಯೂ ಅದನ್ನು ಉಳಿಸಿದೆ. ಆ ಜಾಗವೇ ಕುಮ್ಕಿ. ಮಾಲಕತ್ವ ಮಾತ್ರ ಸರ್ಕಾರದ್ದು.

ನಮ್ಮ ದೊಡ್ಡಮ್ಮನ ಮನೆಯನ್ನೇ ತಗೋ. ಮನೆ, ಅಡಿಕೆ ತೋಟ ವರ್ಗದಲ್ಲಿವೆ. ಅಡುಗೆಮನೆ ಬಾಗಿಲು ತೆಗೆದರೆ ಎದುರಿಗೇ ಇರುವ ಬಾವಿ, ಪಂಪ್ ಶೆಡ್, ದನದ ಹಟ್ಟಿ, ಎರಡು ಹಲಸಿನ ಮರ ಕುಮ್ಕಿಯಲ್ಲಿವೆ. ಮುರಕಲ್ಲು ಕಡಿದು ಆ ಬಾವಿ ತೋಡಿಸಿದವರು ಅಜ್ಜ. ತೋಟಕ್ಕೆ ನೀರು ಅಲ್ಲಿಂದಲೇ. ಕಾಗದದಲ್ಲಿ ಆ ಇಡೀ ಪಕ್ಕ ‘ಸರ್ಕಾರಿ’. ನಕ್ಷೆ ಎಳೆಯುವವರಿಗೆ ಸರ್ಕಾರಿ ಜಾಗ ಸಿಕ್ಕಿದರೆ ಖರ್ಚು ಕಡಿಮೆ, ಅಲ್ವಾ? ರಸ್ತೆ ಆ ಕಡೆಯಿಂದ ಹಾದರೆ ದೊಡ್ಡಮ್ಮನ ವರ್ಗ ಜಾಗ ಒಂದಿಂಚೂ ಹೋಗುವುದಿಲ್ಲ. ಆದರೆ ಬಾವಿ ಹೋದ ಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ತೋಟ ಒಣಗುತ್ತದೆ. ಆಗ ಯಾವ ಕಚೇರಿಗೆ ಹೋದರೂ ‘ಜಾಗ ನಿಮ್ಮದಲ್ವಲ್ಲ’ ಅಂತಾರೆ. ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ತಲೆಮಾರುಗಳಿಂದ ಸೊಪ್ಪು ಹೊತ್ತು ತಂದು ಗೊಬ್ಬರ ಮಾಡಿ ಈ ಮಣ್ಣು ಉಳಿಸಿಕೊಂಡವರನ್ನು ಅತಿಕ್ರಮಣ ಮಾಡಿದವರ ಹಾಗೆ ನೋಡಿದರೆ ಸಿಟ್ಟು ಬರುವುದಿಲ್ವಾ?

ಹೆದ್ದಾರಿ ಕಾಯ್ದೆಯಲ್ಲಿ 3ಎ ಅಧಿಸೂಚನೆ, ಅಂದರೆ ಜಾಗ ವಶಪಡಿಸಿಕೊಳ್ಳುತ್ತೇವೆ ಅನ್ನುವ ಮೊದಲ ಪ್ರಕಟಣೆ, ಬಂದ ಮೇಲೆ ಆಕ್ಷೇಪ ಸಲ್ಲಿಸಲು ಸಿಗುವುದು 21 ದಿನ. ಪತ್ರಿಕೆಯಲ್ಲಿ ಸರ್ವೆ ನಂಬರ್ ಹುಡುಕಿ, ಹಳೇ ಕಾಗದ ತೆಗೆಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಅದಕ್ಕೇ ನಾವು ಮೊದಲೇ ಬಾಯಿ ಬಿಡುವುದು. ರಸ್ತೆಯ ಗಡಿಕಲ್ಲು ಹಾಕುವ ಮುಂಚೆ ಗ್ರಾಮ ಆಡಳಿತಾಧಿಕಾರಿ, ಅವರ ಸಹಾಯಕನಾದ ಉಗ್ರಾಣಿ, ಸರ್ವೆಯವರು ಒಟ್ಟಿಗೆ ಬರಲಿ. ಕುಮ್ಕಿಯಲ್ಲಿರುವ ಬಾವಿ, ಮರ, ಹಟ್ಟಿಯನ್ನು ಮಹಜರಿನಲ್ಲಿ ಬರೆಯಲಿ. ಅದಕ್ಕೆ ಪರಿಹಾರ ಎಷ್ಟು ಅಂತ ಮನೆಯವರ ಎದುರೇ ಹೇಳಲಿ.